ಮೂಡಲ ಕೋಣೆಗೆ ನೀರು

ಆ ವರ್ಷ ನಮ್ಮ ಮನೆಯಲ್ಲಿ ಮೊದಲು ಚಿಗುರಿದ್ದು ಬಚ್ಚಲುಮನೆಯ ಗೋಡೆ. ಯುಗಾದಿಗೆ ಕಟ್ಟಿದ ತೋರಣ ಇನ್ನೂ ಪೂರ್ತಿ ಬಾಡಿರಲಿಲ್ಲ, ಹಂಡೆಯ ಮೇಲುಗಡೆ ಅಂಗೈಯಗಲದ ಒಂದು ಕಿಟಕಿ ಕಣ್ಣು ಬಿಟ್ಟಿತ್ತು. ನಮ್ಮ ಯಜಮಾನರು, ಹೆಸರು ಹೇಳಬಾರದು ಅಂತಿದ್ದರೂ ಕಥೆಗೆ ಬೇಕಲ್ಲ, ಮರಿಸ್ವಾಮಿಯವರು, ಅದರ ಮುಂದೆ ನಿಂತು ಹಲ್ಲುಜ್ಜುತ್ತ ಸಂತೋಷಪಡುತ್ತಿದ್ದರು.

“ಎಳೇದು, ಇರ್ಲಿ ಬಿಡೆ. ಗಾಳಿ ಬರುತ್ತೆ” ಅಂದರು.

“ಗಾಳಿ ಬರುತ್ತೆ, ಅದರ ಹಿಂದೇನೇ ಜವರಮ್ಮನ ಕಣ್ಣೂ ಬರುತ್ತೆ. ಚಿವುಟಿ ಹಾಕ್ರೀ” ಅಂದೆ.

ಜವರಮ್ಮ ಪಕ್ಕದ ಮನೆಯವಳು. ನಮ್ಮ ಹಿತ್ತಲಿಗೂ ಅವಳ ಹಿತ್ತಲಿಗೂ ನಡುವೆ ಎದೆಯೆತ್ತರದ ಗೋಡೆ. ಅದು ಇನ್ನಷ್ಟು ಬೆಳೆಯಲಿ ಅಂತ ನಾನು ವರ್ಷವೂ ಗೊಬ್ಬರ ಹಾಕುತ್ತೇನೆ, ಅವಳು ವರ್ಷವೂ ತುದಿ ಕತ್ತರಿಸುತ್ತಾಳೆ.

ನಮ್ಮೂರಿನಲ್ಲಿ ಬೇಸಿಗೆಯ ಮೊದಲ ವಾರಗಳೆಂದರೆ ಯಾರಿಗೂ ಪುರುಸೊತ್ತಿಲ್ಲದ ಕಾಲ. ಹಿತ್ತಲಿನಲ್ಲಿ ಬದನೆ ಸಸಿ ನೆಡಬೇಕು, ಹೀರೆ ಬಳ್ಳಿಗೆ ಚಪ್ಪರ ಕಟ್ಟಬೇಕು, ಮಲ್ಲಿಗೆಯ ಪಾತಿ ಕೆದಕಿ ಗೊಬ್ಬರ ಕೊಡಬೇಕು. ಅದೇ ಗುದ್ದಲಿ ಹಿಡಿದು ಗೋಡೆಗಳ ಬುಡದ ಮಣ್ಣನ್ನೂ ಸಡಿಲ ಮಾಡಬೇಕು. ಜಗಲಿ ಬೀದಿಯ ಕಡೆ ಕುಡಿ ಚಾಚಿದ್ದರೆ ಸವರಬೇಕು, ಇಲ್ಲದಿದ್ದರೆ ಗಾಡಿಯವರ ಬಾಯಿಗೆ ಬೀಳಬೇಕಾಗುತ್ತದೆ. ದೀಪದ ಗೂಡುಗಳು ಒತ್ತೊತ್ತಾಗಿ ಬಂದಿದ್ದರೆ ಬೇಕಾದಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ಕಿತ್ತು ಹಾಕಬೇಕು. ಹಿಂದಿನ ವರ್ಷ ಅಟ್ಟದ ಮೆಟ್ಟಿಲು ಸೊಟ್ಟಗೆ ಬೆಳೆಯಲು ಶುರು ಮಾಡಿ, ನನ್ನ ಮಗ ನಂಜುಂಡ ಅದಕ್ಕೆ ಬಿದಿರಿನ ಗಳು ಕಟ್ಟಿ ದಾರಿಗೆ ತಂದಿದ್ದ. ಇಷ್ಟೆಲ್ಲ ಆದ ಮೇಲೆ ಸುಣ್ಣದ ಮಾತು.

ಆ ವರ್ಷ ನನಗೆ ಹುರುಪು ಹೆಚ್ಚು. ಯಾಕೆಂದರೆ ಮನೆಗೆ ಸೊಸೆ ಬಂದ ಮೇಲೆ ಅದು ಮೊದಲನೆಯ ಬೇಸಿಗೆ. ಸುಗುಣ ಬೇರೆ ಸೀಮೆಯವಳು. ಅವಳ ತವರಿನಲ್ಲಿ ಗೋಡೆ ಕಟ್ಟಿದರೆ ಕಟ್ಟಿದಷ್ಟೇ, ಒಂದು ಚೂರೂ ಕದಲುವುದಿಲ್ಲವಂತೆ. ಅವಳು ಬಂದ ಹೊಸದರಲ್ಲಿ ಗಂಡಹೆಂಡಿರು ನಡುಮನೆಯಲ್ಲೇ ಒಂದು ಸೀರೆ ಅಡ್ಡ ಕಟ್ಟಿಕೊಂಡು ಮಲಗುತ್ತಿದ್ದರು. ನಾನು ದಿನಾ ಬೆಳಿಗ್ಗೆ ಗೋಡೆಗಳ ಮೇಲೆ ಕೈಯಾಡಿಸಿ ನೋಡುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೂಡಲ ಗೋಡೆ ಉಬ್ಬಿ ಅವರಿಗೊಂದು ಕೋಣೆ ಮೂಡತೊಡಗಿತು. ದೀಪಾವಳಿಗೆ ಬಾಗಿಲು ಬಿಟ್ಟಿತು, ಸಂಕ್ರಾಂತಿಗೆ ಕಿಟಕಿ. ಆ ಕಿಟಕಿ ಸರಿಯಾಗಿ ಸುಗುಣಳ ಗಲ್ಲದ ಮಟ್ಟಕ್ಕೆ ಬಂದಿತ್ತು. ಹುಡುಗಿ ಗಿಡ್ಡ. ಹೊರಗೆ ನೋಡಬೇಕಾದರೆ ನಂಜುಂಡ ಸೊಂಟ ಬಗ್ಗಿಸಬೇಕು. ಮನೆ ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡವಾಗಿತ್ತು. ನಾನು ಬೀದಿಯ ಹೆಂಗಸರನ್ನೆಲ್ಲ ಕರೆದು ಕೋಸಂಬರಿ ಕೊಟ್ಟು ಆ ಕಿಟಕಿ ತೋರಿಸಿದೆ.

ಹೀಗಿರುವಾಗ ಒಂದು ಬೆಳಿಗ್ಗೆ, ಬದನೆ ಸಾಲಿಗೆ ಬೂದಿ ಹಾಕಿ ಮನೆಯ ಹಿಂದಿನಿಂದ ಬರುತ್ತಿದ್ದೆ. ಮೂಡಲ ಕೋಣೆಯ ಗೋಡೆಯ ಮೇಲೆ ಒಂದು ಕಡೆ ಸಿಪ್ಪೆ ಎದ್ದಿತ್ತು. ಉಗುರು ತಾಗಿಸಿದೆ, ಹಪ್ಪಳದಷ್ಟು ಅಗಲದ ಬಿಲ್ಲೆ ಕೈಗೆ ಬಂತು. ಅದರ ಪಕ್ಕದ್ದೂ ಬಂತು. ಆ ಬಿಲ್ಲೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ತಿಪ್ಪೆಯ ಅಡಿಗೆ ತುರುಕಿ ಬಂದೆ.

ಕೋಣೆ ಒಣಗಿದರೆ ಅದರಲ್ಲಿರುವವರು ಮನೆ ಬಿಡುತ್ತಾರೆ, ಇದು ನಮ್ಮೂರಿನಲ್ಲಿ ಎಳೆ ಮಕ್ಕಳಿಗೂ ಗೊತ್ತು. ನಮ್ಮ ಮನೆಯಲ್ಲೇ ಆಗಿತ್ತು. ಯಜಮಾನರ ತಮ್ಮ ಶಂಕರಲಿಂಗ ಪಡುವಣ ಕೋಣೆಯಲ್ಲಿದ್ದ. ಒಂದು ಬೇಸಿಗೆಯಲ್ಲಿ ಅವನ ಕೋಣೆ ಸಿಪ್ಪೆ ಬಿಟ್ಟಿತು, ತೊಲೆ ಸುಕ್ಕಾಯಿತು, ಮೊದಲ ಮಳೆಗೆ ಕುಸಿದು ಬಿತ್ತು. ಮಳೆ ನಿಲ್ಲುವುದರೊಳಗೆ ಅಣ್ಣನೊಂದಿಗೆ ಮಾತು ಬಿಟ್ಟು ಹೊರಟವನು ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ. ಈಗ ಆ ಜಾಗದಲ್ಲಿ ದಂಟಿನ ಸೊಪ್ಪು ಬೆಳೆಯುತ್ತೇವೆ. ಯಜಮಾನರು ಆ ಸೊಪ್ಪಿನ ಹುಳಿಯನ್ನು ಇವತ್ತಿಗೂ ಬಾಯಿಗಿಡುವುದಿಲ್ಲ.

ಇನ್ನೊಂದು ಕಟ್ಟಳೆಯೂ ಇದೆ. ಕೋಣೆ ಒಣಗುತ್ತಿದೆ ಎಂದು ಬಾಯಿಬಿಟ್ಟು ಯಾರೂ ಅನ್ನಬಾರದು. ಅಂದರೆ ಆ ಮಾತನ್ನು ಗೋಡೆ ಕೇಳಿಸಿಕೊಳ್ಳುತ್ತದೆ, ಕೇಳಿಸಿಕೊಂಡರೆ ಮುಗಿಯಿತು. ಸುಗುಣ ಬಂದ ಹೊಸದರಲ್ಲೇ ನಾನು ಅವಳಿಗೆ ಇದನ್ನು ಹೇಳಿಕೊಟ್ಟಿದ್ದೆ. ಆದ್ದರಿಂದ ನಾನು ಗಂಡನಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಒಳಗೆ ಬಂದು ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ.

ಕಾರಣ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಯುಗಾದಿಗೆ ಮೊದಲು ಸುಗುಣ ತನ್ನ ಕೋಣೆಯ ಗೋಡೆಗೆ ಒಂದು ಗೂಟ ಹೊಡೆದಿದ್ದಳು. ತವರಿನಿಂದ ತಂದ, ಅಪ್ಪ ಅಮ್ಮ ಕುರ್ಚಿಯಲ್ಲಿ ಕೂತಿರುವ ಫೋಟೋ ತಗುಲಿಹಾಕುವುದಕ್ಕೆ. ಚಿಗುರುವ ಕಾಲದಲ್ಲಿ ಗೋಡೆಗೆ ಗೂಟ ಹೊಡೆಯುವವರುಂಟೇ? ಗೂಟದ ಸುತ್ತ ಹಾಲಿನಂಥ ರಸ ಇಳಿಯುತ್ತಿತ್ತು. ನನಗೆ ನೆತ್ತಿಗೇರಿತು. “ಇದೇನು ನಿಮ್ಮೂರಿನ ಸತ್ತ ಗೋಡೆ ಅಂದ್ಕೊಂಡ್ಯಾ?” ಅಂದುಬಿಟ್ಟೆ. ಗೂಟದ ವಿಷಯದಲ್ಲಿ ನಾನು ಅಂದದ್ದು ಸರಿಯೇ, ಈಗಲೂ ಅನ್ನುತ್ತೇನೆ. ಆದರೆ ಆ ಮಾತು ಕೇಳುವಾಗ ಅವಳ ಕಣ್ಣು ಅಪ್ಪ ಅಮ್ಮನ ಫೋಟೋದ ಮೇಲಿತ್ತು, ಅದನ್ನು ನಾನು ನೋಡಿರಲಿಲ್ಲ. ಅವತ್ತಿನಿಂದ ಹುಡುಗಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಮೊದಲೇ ಮೆತ್ತಗಿನ ದನಿ, ಈಗ ಅಡುಗೆಮನೆಯಲ್ಲಿ ಅವಳಿದ್ದಾಳೋ ಇಲ್ಲವೋ ಅಂತ ಬಳೆ ಸದ್ದು ಕೇಳಿ ತಿಳಿಯಬೇಕಿತ್ತು.

ಅವಳು ಹೋಗಿಬಿಡುತ್ತಾಳೆ. ಹೊರಡುವ ಮನಸ್ಸು ಅವಳಿಗೆ ಬಂದಿದೆ, ಕೋಣೆಗೆ ಅದು ಗೊತ್ತಾಗಿದೆ. ನನ್ನ ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು. ಸೊಸೆ ಬಿಟ್ಟು ಹೋದಳು ಅಂತ ಊರು ಆಡಿಕೊಳ್ಳುವುದು ಹಾಗಿರಲಿ. ಆ ಹುಡುಗಿ ಬಂದ ಮೇಲೆ ನನಗೆ ಅಭ್ಯಾಸವಾಗಿ ಹೋಗಿತ್ತು. ಒಗ್ಗರಣೆಗೆ ಸಾಸಿವೆ ಹಾಕಿದರೆ ಪಕ್ಕದಲ್ಲಿ ಕರಿಬೇವು ಹಿಡಿದು ಅವಳು ನಿಂತಿರಬೇಕು ನನಗೆ. ಹೆಣ್ಣು ಮಕ್ಕಳಿಲ್ಲದ ಮನೆ ನಮ್ಮದು. ಇದನ್ನು ಅವಳ ಮುಂದೆ ಹೇಳುವುದಕ್ಕೆ ನಾಲಿಗೆ ಮಾತ್ರ ಏಳಲಿಲ್ಲ.

ಒಂದು ಕೋಣೆ ಬೇಸಿಗೆಯಲ್ಲಿ ಕುಡಿಯುವುದು ದಿನಕ್ಕೆ ಒಂದು ಕೊಡ ನೀರು. ಬುಡಕ್ಕೆ ನಿಧಾನವಾಗಿ ಹಾಕಿದರೆ ಎಷ್ಟೋ ಕೋಣೆಗಳು ಚೇತರಿಸಿಕೊಂಡದ್ದೂ ಉಂಟು. ನಾನು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಅಂಗಳಕ್ಕೆ ನೀರು ಹಾಕುವ ನೆಪದಲ್ಲಿ ಹಿಂದಕ್ಕೆ ಹೋಗಿ ಮೂಡಲ ಗೋಡೆಯ ಬುಡಕ್ಕೆ ಒಂದು ಕೊಡ ಸುರಿಯತೊಡಗಿದೆ. ಅದಕ್ಕಿಷ್ಟು ಮಜ್ಜಿಗೆಯನ್ನೂ ಬೆರೆಸುತ್ತಿದ್ದೆ. ಸುರಿದು ಗೋಡೆಗೆ ಕೈಯಿಟ್ಟು, “ಇರವ್ವ, ಸ್ವಲ್ಪ ದಿನ ಇರು” ಅನ್ನುತ್ತಿದ್ದೆ. ಒಣಗುವ ಮಾತು ಆಡಬಾರದು ಅಂತ ತಾನೆ ಕಟ್ಟಳೆ, ಇರು ಅನ್ನಬಾರದು ಅಂತ ಇಲ್ಲವಲ್ಲ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಸುಗುಣಳಿಗೆ ಮನೆ ಹಿಡಿಸಬೇಕು ಅಂತ ಎಲ್ಲರನ್ನೂ ದುಡಿಸಿದೆ. ಅವಳಿಗೆ ಮಲ್ಲಿಗೆ ಇಷ್ಟ, ಅವಳ ಕಿಟಕಿಯ ಎದುರಿಗೆ ಮಲ್ಲಿಗೆ ಚಪ್ಪರ ಹಾಕಿಸಿದೆ. ಅಡುಗೆಮನೆಯ ಕಟ್ಟೆ ಅವಳಿಗೆ ಎತ್ತರವಾಗುತ್ತಿತ್ತು, ಯಜಮಾನರ ಕೈಯಲ್ಲಿ ಅದನ್ನು ಒಂದು ಗೇಣು ಸವರಿಸಿದೆ. ಆಮೇಲೆ ನಾನು ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಂಡದ್ದು ಬೇರೆ ಮಾತು. ನಡುಮನೆಗೆ ತಿಳಿನೀಲಿ ಹಾಕಿದ ಸುಣ್ಣ. ಮನೆಯಲ್ಲಿ ಎಲ್ಲರೂ ಮರುಮಾತಾಡದೆ ದುಡಿದರು. ನಂಜುಂಡ ಎಂದೂ ಕರೆಯದೆ ಹಿತ್ತಲಿಗೆ ಬಾರದವನು ತಾನಾಗಿ ಗುದ್ದಲಿ ಹಿಡಿದ. ನನಗೆ ಆಗ ಅದು ಆಶ್ಚರ್ಯ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಸುಣ್ಣದ ಬಕೆಟ್ಟು ಕಲಸುತ್ತಿದ್ದ ದಿನ ಸುಗುಣ ಬಾಗಿಲಲ್ಲಿ ನಿಂತು, “ಅತ್ತೆ, ನಮ್ಮ ರೂಮಿಗೂ ಹೊಡೀತೀರಾ?” ಅಂದಳು.

ಒಣಗುವ ಗೋಡೆಗೆ ಸುಣ್ಣ ಬಳಿದರೆ ಉಸಿರು ಕಟ್ಟುತ್ತದೆ. ಅದನ್ನು ಹೇಳುವ ಹಾಗಿಲ್ಲ. “ಅದಕ್ಕೇನು ಈಗ ಅವಸರ? ಆಮೇಲೆ ನೋಡೋಣ ಬಿಡು” ಅಂದೆ. ಅವಳು ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ನಾನು ಬಕೆಟ್ಟಿನ ಕಡೆ ತಿರುಗಿಕೊಂಡು ಸುಣ್ಣ ಇನ್ನಷ್ಟು ಕಲಸಿದೆ.

ನೀರು ಹಾಕಿದಷ್ಟೂ ಕೋಣೆ ಕೆಡುತ್ತ ಬಂತು. ಸಿಪ್ಪೆ ಬಿಟ್ಟ ಜಾಗ ಮೊದಲು ಬೂದಿ ಬಣ್ಣಕ್ಕಿತ್ತು, ಆಮೇಲೆ ಕಪ್ಪಗಾಯಿತು. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡು, ನಂಜುಂಡ ಬೆಳಿಗ್ಗೆ ಭುಜ ಕೊಟ್ಟು ತಳ್ಳಿ ಹೊರಗೆ ಬರಬೇಕಾಗುತ್ತಿತ್ತು. ಒಳಗಿನಿಂದ ಹಳೆಯ ಹುಣಸೆಹಣ್ಣಿನಂಥ ವಾಸನೆ. ಊಟಕ್ಕೆ ಕೂತರೆ ಎಲ್ಲರ ಕಣ್ಣೂ ತಟ್ಟೆಯ ಮೇಲೆ. ಯಾರಾದರೂ ಸುಮ್ಮನೆ ಮೂಡಲ ಕಡೆ ತಿರುಗಿದರೆ ಇನ್ನೊಬ್ಬರು ತಕ್ಷಣ ಉಪ್ಪಿನಕಾಯಿ ಕೇಳುತ್ತಿದ್ದರು. ನಾನು ಬೆಳಿಗ್ಗೆ ಒಂದು ಕೊಡದ ಜೊತೆಗೆ ಮಧ್ಯಾಹ್ನ ಇನ್ನೊಂದು ಕೊಡ ಶುರು ಮಾಡಿದೆ.

ಜವರಮ್ಮ ಗೋಡೆಯ ಮೇಲೆ ಮೊಣಕೈ ಊರಿ, ನಮ್ಮ ಮೂಡಲ ಕೋಣೆಯನ್ನು ಮೇಲಿಂದ ಕೆಳಗೆ ನೋಡಿದಳು. ಅವಳೂ ಕಟ್ಟಳೆ ಮೀರುವ ಹಾಗಿಲ್ಲವಲ್ಲ. “ಏನ್ ದಾಕ್ಷಾಯಿಣಿ, ಸೊಸೆ ತೌರಿಗೆ ಹೋಗ್ತಾಳೇನು?” ಅಂದಳು.

“ಯಾಕೆ ಹೋಗ್ತಾಳೆ? ಬದನೆಗೆ ನೀರು ಹಾಕೋರ್ಯಾರು?” ಅಂದೆ.

“ಅಲ್ಲ, ಸುಮ್ನೆ ಕೇಳ್ದೆ. ಅವಳನ್ನೂ ಕೇಳ್ದೆ ಕಣವ್ವ. ಹೊಸಬ್ಳು ಅಲ್ವಾ, ಆ ದಂಟಿನ ಪಾತಿ ಜಾಗದಲ್ಲಿ ಮುಂಚೆ ಏನಿತ್ತು ಅಂತ ವಿಚಾರಿಸ್ತಿದ್ಲು. ಶಂಕರಲಿಂಗಂದು ಎಲ್ಲ ಹೇಳ್ದೆ.”

ಶಂಕರಲಿಂಗನ ವಿಷಯ ಸುಗುಣಳಿಗೆ ನಾವು ಯಾರೂ ಹೇಳಿರಲಿಲ್ಲ. ಹೋದವನ ಕಥೆ ಕೇಳಿದ್ದಾಳೆಂದರೆ ಹೋಗುವ ದಾರಿ ಹುಡುಕುತ್ತಿದ್ದಾಳೆ ಅಂತಲೇ ನಾನು ತಿಳಿದೆ. ಆ ಸಂಜೆ ಒಳಗೆ ಬಂದಾಗ ನಡುಮನೆಯ ಮೂಲೆಯಲ್ಲಿ ಸುಗುಣಳ ಟ್ರಂಕು ಇತ್ತು. ತವರಿನ ಟ್ರಂಕು, ಮುಚ್ಚಳದ ಮೇಲೆ ನವಿಲಿನ ಚಿತ್ರ. ಕೋಣೆಯಿಂದ ಹೊರಗೆ ಬಂದು ಬಾಗಿಲ ಕಡೆ ಮುಖ ಮಾಡಿ ಕೂತಿತ್ತು. ನಾನು ಅದರ ಪಕ್ಕದಲ್ಲೇ ಕೂತು ಹುರುಳಿಕಾಯಿ ಬಿಡಿಸಿದೆ. ಯಾಕೆ ಇಲ್ಲಿಟ್ಟೆ ಅಂತ ಕೇಳುವುದಕ್ಕೆ ಧೈರ್ಯ ಬರಲಿಲ್ಲ. ಕೇಳಿದರೆ ಅವಳು ಉತ್ತರ ಹೇಳಿಬಿಡುತ್ತಾಳಲ್ಲ.

ಮಾರನೆಯ ದಿನ ಬಿಸಿಲು ವಿಪರೀತ. ಊಟವಾದ ಮೇಲೆ ಎಲ್ಲರೂ ಒಂದೊಂದು ಕಡೆ ಅಡ್ಡಾದರು. ನಾನು ಅಡುಗೆಮನೆಯಲ್ಲಿ ಸೆರಗು ಮುಖಕ್ಕೆ ಹಾಕಿಕೊಂಡು, ಮನೆ ನಿಶ್ಶಬ್ದವಾಗುವುದನ್ನೇ ಕಾಯುತ್ತಿದ್ದೆ. ಅಷ್ಟರಲ್ಲಿ ಹಿಂದುಗಡೆಯಿಂದ ದೊಪ್ಪನೆ ಏನೋ ಬಿದ್ದ ಸದ್ದಾಯಿತು. ಎದ್ದೆನೋ ಬಿದ್ದೆನೋ ಅಂತ ಕೊಡ ತುಂಬಿಸಿಕೊಂಡು ಹಿತ್ತಲ ಬಾಗಿಲಿಂದ ಓಡಿದೆ. ಮೂಡಲ ಕೋಣೆಯ ಕಿಟಕಿಯ ಮೇಲಿನ ಸಜ್ಜಾ ಮುರಿದು ಮಲ್ಲಿಗೆ ಚಪ್ಪರದ ಮೇಲೆ ಬಿದ್ದಿತ್ತು. ಅದರ ಮುಂದೆ ನಮ್ಮ ಯಜಮಾನರು ನಿಂತಿದ್ದರು. ನನ್ನನ್ನು ಕಂಡು ಕೈಯಲ್ಲಿದ್ದುದನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಬಿಂದಿಗೆಯನ್ನು ಬೆನ್ನ ಹಿಂದೆ ಬಚ್ಚಿಡಲು ಆಗುತ್ತದೆಯೇ? ನೀರು ಅವರ ಪಂಚೆಯ ಮೇಲೆಲ್ಲ ಸುರಿಯುತ್ತಿತ್ತು.

“ನೀವೇನ್ ಮಾಡ್ತಿದೀರ ಇಲ್ಲಿ?” ಅಂತ ಪಿಸುಗುಟ್ಟಿದೆ.

“ಹೀರೆ ಬಳ್ಳಿಗೆ” ಅಂದರು. ಹೀರೆ ಬಳ್ಳಿ ಮನೆಯ ಆಚೆ ಬದಿಗಿತ್ತು. “ನೀನು?”

“ಬದನೆಗೆ.”

ಬಾವಿಯ ಕಡೆಯಿಂದ ನಂಜುಂಡ ಬಂದ. ಎರಡು ಕೈಗೂ ಎರಡು ಬಕೆಟ್ಟು. ನಮ್ಮಿಬ್ಬರನ್ನೂ ಕಂಡು ಹಾಗೇ ಹಿಂದಕ್ಕೆ ತಿರುಗಿದ. ತಿರುಗಿದವನು ಅಲ್ಲೇ ನಿಂತ. ನಾನು ಆಗ ನೆಲ ನೋಡಿದೆ. ಬುಡದ ಮಣ್ಣು ಅಂಬಲಿಯ ಹಾಗಾಗಿತ್ತು. ನನ್ನ ಹೆಜ್ಜೆ ಗುರುತಿತ್ತು, ಯಜಮಾನರ ಹೆಬ್ಬೆರಳು ಅಗಲವಾದ ಪಾದ ಇತ್ತು, ನಂಜುಂಡನ ಚಪ್ಪಲಿ ಇತ್ತು. ಇನ್ನೂ ಒಂದು ಇತ್ತು, ಚಿಕ್ಕದು, ಕಾಲುಂಗುರ ಒತ್ತಿದ ಗುರುತಿನದು.

ಅದನ್ನು ನೋಡುತ್ತಿರುವಾಗಲೇ ಮನೆಯ ಇನ್ನೊಂದು ಮಗ್ಗುಲಿನಿಂದ ಸುಗುಣ ಬಂದಳು. ಸೀರೆ ಎತ್ತಿ ಕಟ್ಟಿದ್ದಳು, ಸೊಂಟದ ಮೇಲೆ ನಮ್ಮ ಹಿತ್ತಾಳೆ ಕೊಡ. ಆ ಕೊಡ ಖಾಲಿಯಿದ್ದರೇ ಅವಳಿಗೆ ಭಾರ. ಮೂವರನ್ನೂ ಕಂಡು ಅವಳ ಮುಖ ಬಿಳಿಚಿಕೊಂಡಿತು. ಕೊಡ ಕೆಳಗಿಡಲಿಲ್ಲ. ಯಾರಾದರೂ ಕಿತ್ತುಕೊಳ್ಳುತ್ತಾರೇನೋ ಅನ್ನುವಂತೆ ಎರಡು ಕೈಯಿಂದಲೂ ತಬ್ಬಿಕೊಂಡಳು.

“ನಾನು ಹೋಗಲ್ಲ ಅತ್ತೆ” ಅಂದಳು. ಮದುವೆಯಾಗಿ ಬಂದ ಮೇಲೆ ಅವಳ ದನಿ ಅಷ್ಟು ಜೋರಾಗಿ ನಾನು ಕೇಳಿರಲಿಲ್ಲ. “ಮನೆ ನನ್ನ ಬೇಡ ಅಂದ್ರೂ ಹೋಗಲ್ಲ. ನೀವು ಸುಣ್ಣ ಹೊಡಿಯಲ್ಲ ಅಂದ್ರೂ ಪರವಾಗಿಲ್ಲ. ನಡುಮನೇಲಿ ಸೀರೆ ಕಟ್ಕೊಂಡು ಇರ್ತೀನಿ.”

“ಮನೆ ಯಾವಾಗ ನಿನ್ನ ಬೇಡ ಅಂತು?”

“ಜವರಮ್ಮನೋರು ಹೇಳಿದ್ರು. ಬೇಡದೋರ ಕೋಣೇನ ಮನೇನೇ ಉದುರಿಸುತ್ತಂತೆ.”

“ಮತ್ತೆ ಟ್ರಂಕು?” ಅಂದೆ.

“ನೆಲ ಒದ್ದೆ ಅತ್ತೆ. ತಳ ಎಲ್ಲ ತುಕ್ಕು ಹಿಡೀತಿತ್ತು. ಒಳಗೆ ಮದ್ವೆ ಸೀರೆ ಇತ್ತು.”

ನಾಲ್ಕು ಜನ ಐದು ಪಾತ್ರೆ ಹಿಡಿದು ಬಿಸಿಲಲ್ಲಿ ನಿಂತಿದ್ದೆವು. ನನಗೆ ನಗು ಬರಲಿಲ್ಲ, ಭಯವಾಯಿತು. ಯಾಕೆಂದರೆ ಆಗಲೇ ನನಗೆ ಗೊತ್ತಾದದ್ದು, ಆ ಗೋಡೆಗೆ ನಾವು ಏನು ಮಾಡಿದ್ದೇವೆ ಅಂತ. ದಿನಕ್ಕೆ ಒಂದು ಕೊಡ ಕುಡಿಯುವ ಎಳೆಯ ಕೋಣೆಗೆ ನಾಲ್ಕು ಜನ ಕದ್ದು ಕದ್ದು ನೀರು ಸುರಿದಿದ್ದೆವು. ಮೇಲೆ ಮಜ್ಜಿಗೆ ಬೇರೆ. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಆ ಸಂಜೆಗೇ ಅದು ಬೀಳುತ್ತಿತ್ತು.

ನಾನು ಗೋಡೆಗೆ ಮುಖ ಮಾಡಿ ನಿಂತು, ಅದಕ್ಕೂ ಕೇಳಿಸಲಿ ಅಂತ ಗಟ್ಟಿಯಾಗಿ ಹೇಳಿದೆ. “ಈ ಕೋಣೆ ಒಣಗ್ತಿಲ್ಲ. ಕೊಳೀತಿದೆ. ನಾವೇ ಕೊಳೆಸಿದೀವಿ.”

ಯಜಮಾನರು ಬೇಡ ಅನ್ನುವಂತೆ ಕೈಯೆತ್ತಿದರು. ಎತ್ತಿದ ಕೈ ಹಾಗೇ ಇಳಿಯಿತು. “ನಮ್ಮ ಕೋಣೆನೂ ಮೊದಲ್ನೇ ಬೇಸಿಗೆ ಸಿಪ್ಪೆ ಬಿಟ್ಟಿತ್ತು ಕಣೆ” ಅಂದರು. “ಹೊಸ ಕೋಣೆ ಸ್ವಲ್ಪ ಸಿಪ್ಪೆ ಬಿಡುತ್ತೆ, ನಿನಗೆ ಹೇಳೋದು ಬೇಡ ಅಂತ ಅಮ್ಮ ಅಂದಿದ್ಲು.”

“ಅದನ್ನ ಈಗ ಹೇಳ್ತೀರಾ?”

“ಹೇಳೋ ಹಾಗಿತ್ತಾ? ಶಂಕರನ ಕಾಲದಲ್ಲೂ ಹೀಗೇ ಬಾಯಿ ಮುಚ್ಕೊಂಡೇ ಇದ್ನಲ್ಲ ನಾನು.” ಅಷ್ಟು ಹೇಳಿ ಅವರು ಬಿಂದಿಗೆಯಲ್ಲಿ ಉಳಿದಿದ್ದ ನೀರನ್ನು ದಂಟಿನ ಸೊಪ್ಪಿನ ಪಾತಿಗೆ ಚೆಲ್ಲಿ, ಗುದ್ದಲಿ ತಂದರು.

ಆ ಮಧ್ಯಾಹ್ನ ಮಾಡಿದಷ್ಟು ಕೆಲಸವನ್ನು ನಾವು ಆ ಬೇಸಿಗೆಯಿಡೀ ಮಾಡಿರಲಿಲ್ಲ. ನಂಜುಂಡ ಬುಡದಿಂದ ಬದನೆ ಸಾಲಿನ ಕಡೆಗೆ ಕಾಲುವೆ ತೋಡಿದ. ಯಜಮಾನರು ತಳಪಾಯದ ಬೇರುಗಳನ್ನು ಬಿಡಿಸಿ ಬಿಸಿಲಿಗೆ ಬಿಟ್ಟರು. ನಾನೂ ಸುಗುಣಳೂ ಕುಡುಗೋಲು ಹಿಡಿದು ಕಪ್ಪಾದ ಗೋಡೆಯನ್ನು, ಬಿಳಿ ಕಾಣುವ ತನಕ, ಹೆರೆದೆವು. ಗೋಡೆಯಲ್ಲಿ ಅರ್ಧದಷ್ಟು ಹೋಯಿತು. ಕಿಟಕಿ ಹೋಯಿತು. ನಾನು ಊರಿಗೆಲ್ಲ ತೋರಿಸಿದ್ದ ಕಿಟಕಿ. ಗೂಟ ಇದ್ದ ಕಡೆ ಬಂದಾಗ ನನ್ನ ಕೈ ತಡೆಯಿತು. ಅದರ ಸುತ್ತ ಮಾತ್ರ ಗೋಡೆ ಗಟ್ಟಿಯಾಗಿತ್ತು, ರಸ ಒಣಗಿ ಜಡ್ಡುಗಟ್ಟಿತ್ತು.

“ಕಿತ್ತು ಹಾಕ್ಲಾ ಅತ್ತೆ?” ಅಂದಳು.

“ಬೇಡ. ಇರ್ಲಿ. ಫೋಟೋ ಎಲ್ಲಿಟ್ಟಿದೀಯ?”

“ಟ್ರಂಕಲ್ಲಿ.”

“ತಗೊಂಡ್ಬಂದು ಹಾಕು. ಬಿಸಿಲು ಬೀಳದ ಹಾಗೆ ನೋಡ್ಕೊ” ಅಂದೆ. ಅವಳು ಅಲ್ಲೇ ನಿಂತು ಮೂಗು ಒರೆಸಿಕೊಂಡಳು. ನಾನು ಕೆಲಸವಿರುವವಳಂತೆ ಹೆರೆಯುತ್ತಲೇ ಇದ್ದೆ.

ಆಮೇಲಿನದು ಎಲ್ಲಕ್ಕಿಂತ ಕಷ್ಟ. ಇನ್ನು ಏನೂ ಮಾಡಬಾರದಿತ್ತು. ಬೇರು ಆರುವವರೆಗೆ ಒಂದು ಹನಿ ನೀರು ಬೀಳಬಾರದು. ನಮ್ಮ ಮೇಲೆ ನಮಗೇ ನಂಬಿಕೆಯಿಲ್ಲ. ಸುಗುಣ ತಾನೇ ಮುಂದೆ ಬಂದು, ಕೊಡ ಬಿಂದಿಗೆಗಳನ್ನೆಲ್ಲ ಉಗ್ರಾಣಕ್ಕೆ ಹಾಕಿ ಬೀಗ ಜಡಿದು ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನೀರು ಬೇಕಾದವರು ಅವಳನ್ನು ಕೇಳಬೇಕು, ಯಾವುದಕ್ಕೆ ಅಂತ ಹೇಳಬೇಕು. ಬದನೆಗೆ, ಹೀರೆಗೆ ಅವಳ ಎದುರಿಗೇ ಹಾಕಬೇಕು. ಗಂಡಹೆಂಡಿರು ಮತ್ತೆ ನಡುಮನೆಯಲ್ಲಿ ಸೀರೆ ಅಡ್ಡ ಕಟ್ಟಿಕೊಂಡರು.

ಬಿಸಿಲು ದಿನದಿಂದ ದಿನಕ್ಕೆ ಏರಿತು. ಊರಿನ ಬೇರೆ ಮನೆಗಳು ಹೊಸ ಜಗಲಿ, ಹೊಸ ಸಜ್ಜಾ ಬಿಟ್ಟುಕೊಂಡು ಮೆರೆಯುತ್ತಿದ್ದವು. ಜವರಮ್ಮನ ಮನೆಗೆ ಮಹಡಿಯ ಮೊಗ್ಗು ಬಂದಿತ್ತು. ನಮ್ಮ ಮೂಡಲ ಕೋಣೆ ಅರ್ಧ ಗೋಡೆ ಹೊತ್ತು, ಸತ್ತಿದೆಯೋ ಬದುಕಿದೆಯೋ ತಿಳಿಯದ ಹಾಗೆ ನಿಂತಿತ್ತು. ಮಳೆ ಬರುವುದರೊಳಗೆ ಹಿಡಿದುಕೊಳ್ಳದಿದ್ದರೆ ಅದು ನಿಲ್ಲುವುದಿಲ್ಲ. ನಾನು ದಿನಾ ಹೋಗಿ ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತಿದ್ದೆ. ಒಂದು ದಿನ ಸದ್ದು ಗಟ್ಟಿ ಅನ್ನಿಸುತ್ತಿತ್ತು, ಒಂದು ದಿನ ಟೊಳ್ಳು.

ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಬೇರುಗಳು ಬಿಸಿಲಲ್ಲಿ ಬಿರುಕು ಬಿಟ್ಟಿದ್ದವು. ದೇವರ ಮನೆಯಲ್ಲಿ ಒಂದು ಸಣ್ಣ ಚೆಂಬು ಇತ್ತು, ಸುಗುಣ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದರ ತುಂಬ ನೀರು ತೆಗೆದುಕೊಂಡು, ಸೆರಗು ಮುಚ್ಚಿಕೊಂಡು, ಬೆಕ್ಕಿನ ಹಾಗೆ ಹೆಜ್ಜೆಯಿಡುತ್ತ ಹಿಂದಕ್ಕೆ ಹೋದೆ. ಒಂದೇ ಒಂದು ಚೆಂಬು, ಅಷ್ಟರಿಂದ ಏನಾಗುತ್ತದೆ ಅಂತ.

ಸುಗುಣ ಅಲ್ಲೇ ಕೂತಿದ್ದಳು. ಮಲ್ಲಿಗೆ ಚಪ್ಪರದ ನೆರಳಲ್ಲಿ ಮಣೆ ಹಾಕಿಕೊಂಡು, ಮಡಿಲಲ್ಲಿ ಮೊಗ್ಗು ಇಟ್ಟುಕೊಂಡು ಮಾಲೆ ಕಟ್ಟುತ್ತಿದ್ದಳು. ಅವಳ ಬೆನ್ನ ಹಿಂದೆ ಅರ್ಧ ಗೋಡೆ, ಅದರಾಚೆ ಕೋಣೆಯೊಳಗೆ ಕಾಣುವ ಗೂಟ, ಗೂಟದಲ್ಲಿ ಅವಳ ಅಪ್ಪ ಅಮ್ಮ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಸುಗುಣ ತಲೆಯೆತ್ತಿದಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ಸೆರಗು, ಆಮೇಲೆ ನೆಲದ ಮೇಲೆ ಬೀಳುತ್ತಿದ್ದ ಹನಿ. ಮೊಗ್ಗು ಚೆಲ್ಲಿ ಎದ್ದು ನಿಂತು ಎರಡು ಕೈಯನ್ನೂ ಸೊಂಟದ ಮೇಲಿಟ್ಟಳು.

“ಏನತ್ತೆ ಇದು? ಎಷ್ಟು ಸಲ ಹೇಳ್ಬೇಕು ನಿಮಗೆ?” ಅಂದಳು. ಪಕ್ಕದ ಹಿತ್ತಲಿನಲ್ಲಿ ಜವರಮ್ಮ ಒನಕೆ ನಿಲ್ಲಿಸಿದ್ದು ನನಗೆ ಕೇಳಿಸಿತು. “ದಿನಾ ತೊಳೆಯೋಕೆ ಇದೇನು ಸತ್ತ ಗೋಡೆ ಅಂದ್ಕೊಂಡ್ರಾ? ಚೆಂಬು ಕೆಳಗಿಟ್ಟು ಒಳಗೆ ನಡೀರಿ.”

ಗೋಡೆ ಇನ್ನೂ ಚಿಗುರಿರಲಿಲ್ಲ. ನಾನು ಚೆಂಬು ಕೆಳಗಿಟ್ಟೆ. ನನ್ನ ಕಣ್ಣು ತುಂಬಿಕೊಂಡಿತ್ತು, ಅದು ಅವಳಿಗೆ ಕಾಣದಿರಲಿ ಅಂತ ತಿರುಗಿ ಒಳಗೆ ಹೋಗಿ, ಸಾಯಂಕಾಲದ ಒಗ್ಗರಣೆಗೆ ಸಾಸಿವೆ ಡಬ್ಬಿ ತೆಗೆದಿಟ್ಟೆ.